ರತ್ನತ್ತೆಯ ಜೀಪಿನ ಕೆಮ್ಮು

ನನ್ನ ಎಡಗೈ ಬಳೆಯಲ್ಲಿ ಯಾವಾಗಲೂ ಒಂದಷ್ಟು ಪಿನ್ನುಗಳು ನೇತಾಡುತ್ತಿರುತ್ತವೆ. ಸೆರಗು ಜಾರದಿರಲು ಒಂದು, ಚಪ್ಪಲಿಯ ಉಂಗುಟ ಕಿತ್ತರೆ ಒಂದು, ಶಾಲೆಯಲ್ಲಿ ಯಾವುದಾದರೂ ಮಗುವಿನ ಚಡ್ಡಿಯ ಗುಂಡಿ ಹಾರಿಹೋದರೆ ಒಂದು. ಚಿಕ್ಕಬಳ್ಳಾಪುರದ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳುವ ನನ್ನನ್ನು ಮಕ್ಕಳು ಬೆನ್ನ ಹಿಂದೆ ‘ಪಿನ್ನು ಮಿಸ್ಸು’ ಅನ್ನುತ್ತಾರೆಂದು ನನಗೆ ಗೊತ್ತು. ಗೊತ್ತಿಲ್ಲದವಳ ಹಾಗೆ ಇದ್ದುಬಿಡುತ್ತೇನೆ. ಈ ಗೊಂಚಲಿನಲ್ಲಿ ಒಂದು ಪಿನ್ನು ಮಾತ್ರ ಸೊಟ್ಟಗಾಗಿದೆ. ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಮೊನೆಯಲ್ಲಿ ಏನೋ ಕೆಂಪು ಅಂಟಿದೆ. ನಮ್ಮ ಯಜಮಾನರು ಅದನ್ನು ಕಂಡಾಗಲೆಲ್ಲ, “ತುಕ್ಕು ಹಿಡಿದೈತೆ, ಬಿಸಾಕೇ ಅದನ್ನ. ಚುಚ್ಕೊಂಡ್ರೆ ಸೆಪ್ಟಿಕ್ ಆಗ್ತದೆ” ಅನ್ನುತ್ತಾರೆ. ಅದು ತುಕ್ಕಲ್ಲ. ಏನೆಂದು ಹೇಳಬೇಕಾದರೆ ನಮ್ಮ ರತ್ನತ್ತೆಯ ಜೀಪಿನಿಂದ ಶುರು ಮಾಡಬೇಕು, ಶುರು ಮಾಡಿದ ತಕ್ಷಣ ಅವರಿಗೆ ಯಾವುದೋ ಫೋನು ಬರುತ್ತದೆ. ನೀವಾದರೂ ಕೂತು ಕೇಳಿ.

ರತ್ನತ್ತೆ ನಮ್ಮಪ್ಪನ ತಂಗಿ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ಅರವತ್ತು ದಾಟಿದ ಹೆಂಗಸನ್ನು ನಾನು ಹೀಗೆ ಏಕವಚನದಲ್ಲಿ ಕರೆಯುವುದು ನಿಮಗೆ ಒರಟು ಅನ್ನಿಸಬಹುದು. ಒಂದು ಸಲ ಯಾರದೋ ಮುಂದೆ ಮರ್ಯಾದೆ ತೋರಿಸಲು ಹೋಗಿ “ಅತ್ತೆಯವರೇ, ಬನ್ನಿ” ಅಂದಿದ್ದಕ್ಕೆ, “ಯಾಕೇ, ನಾನೇನು ನಿಮ್ಮ ಹೆಡ್‌ಮೇಡಮ್ಮಾ? ಸುಮ್ನೆ ಬಾ ಅನ್ನೇ” ಎಂದು ಎಲ್ಲರೆದುರೇ ಬೈದಳು. ಅಲ್ಲಿಗೆ ಮುಗಿಯಿತು.

ಅವಳ ಜೀಪು ಹಳೆಯದು. ಅದರ ಬಣ್ಣ ಏನೆಂದು ತಿಳಿಯಬೇಕಾದರೆ ಆರ್.ಸಿ. ಪುಸ್ತಕ ತೆಗೆದು ನೋಡಬೇಕು. ಡೀಸೆಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಯಾವ ಕಾಲದಲ್ಲೋ ಒಂದು ಕಡೆ ಕೂತದ್ದು ಮತ್ತೆ ಎದ್ದಿಲ್ಲ. ಅದಕ್ಕೆಂದೇ ಸೀಟಿನ ಕೆಳಗೆ ಒಂದು ಹಿಪ್ಪುನೇರಳೆ ಕಡ್ಡಿ ಇರುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಆ ಕಡ್ಡಿ ಅದ್ದಿ ನೋಡುವುದು ಅವಳ ಗಂಡನ, ಅಂದರೆ ನಮ್ಮ ಮಾವನ, ಕೆಲಸ. ಏರಿನಲ್ಲಿ ಜೀಪು ನಿಂತರೆ ಗಾಲಿಗೆ ಕಲ್ಲು ಕೊಡುವುದೂ ಅವರದೇ. ಇವೆರಡು ಬಿಟ್ಟರೆ ಮಾವ ವಾಹನದ ವಿಷಯಕ್ಕೆ ತಲೆ ಹಾಕಿದವರಲ್ಲ, ಸ್ಟೇರಿಂಗ್ ಮುಟ್ಟಿದವರೂ ಅಲ್ಲ. ಅವರಿಗೆ ಕಿವಿ ತುಸು ಮಂದ. ನಿನ್ನ ಅತ್ತೆಯಂಥವಳನ್ನು ಕಟ್ಟಿಕೊಂಡವನಿಗೆ ಅದೊಂದು ಅನುಕೂಲ ಎಂದು ಅವರೇ ಹೇಳಿಕೊಂಡು ನಗುತ್ತಾರೆ.

ಅತ್ತೆ ಜೀಪು ಕಲಿತದ್ದು ಆಸೆಯಿಂದಲ್ಲ, ಸಿಟ್ಟಿನಿಂದ. ಆಗ ಒಬ್ಬ ಡ್ರೈವರ್ ಇದ್ದನಂತೆ. ರೇಷ್ಮೆಗೂಡನ್ನು ಮಾರ್ಕೆಟ್ಟಿಗೆ ಹಾಕಬೇಕಾದ ದಿನವೇ ಅವನು ಯಾರದೋ ಮದುವೆ ದಿಬ್ಬಣಕ್ಕೆ ಹೋಗಿ ಕೂತ. ಗೂಡು ಯಾರಿಗೂ ಕಾಯುವುದಿಲ್ಲ. ಹೊತ್ತು ಮೀರಿದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಡುತ್ತದೆ, ಆಮೇಲೆ ಆ ಗೂಡನ್ನು ಮೂಸಿ ನೋಡುವವರೂ ಇಲ್ಲ. ಹೇಗೋ ಆ ದಿನ ಎತ್ತಿನ ಗಾಡಿ ಕಟ್ಟಿ ಕಳಿಸಿದಳು. ಮಾರನೆಯ ದಿನ ಡ್ರೈವರ್ ತಲೆ ಕೆರೆದುಕೊಂಡು ಬಂದಾಗ, “ಬಾರಪ್ಪ, ಬಾ. ಇವತ್ತು ನೀನು ಪಕ್ಕದಲ್ಲಿ ಕೂತ್ಕೋ. ನಂಗೆ ಕಲಿಸಿಕೊಟ್ಟು ಆಮೇಲೆ ಯಾರ ದಿಬ್ಬಣಕ್ಕಾದ್ರೂ ಹೋಗು” ಅಂದಳು. ಅವನು ಕಲಿಸಿಕೊಟ್ಟ, ಹೋದ. ಅಂದಿನಿಂದ ಗೂಡು ಶಿಡ್ಲಘಟ್ಟಕ್ಕೆ, ಟೊಮೇಟೊ ಚಿಂತಾಮಣಿಗೆ, ಊರಿನ ಬಸುರಿ ಹೆಂಗಸರು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ, ಎಲ್ಲ ಅತ್ತೆಯ ಜೀಪಿನಲ್ಲೇ. ನಮ್ಮ ಕಡೆ ಆ ಜೀಪಿನಲ್ಲಿ ಹೋಗಿ ಹುಟ್ಟಿದ ಮಕ್ಕಳು ಈಗ ಮೀಸೆ ತಿರುವುತ್ತಾ ಓಡಾಡುತ್ತಿದ್ದಾರೆ.

ಆದರೆ ನಾನು ಅತ್ತೆಯನ್ನು ಮೆಚ್ಚುವುದು ಅವಳ ಸ್ಟೇರಿಂಗಿಗಲ್ಲ, ಅವಳ ಕಿವಿಗೆ. ಬೇಸಿಗೆ ರಜೆಯಲ್ಲಿ ನಮ್ಮನ್ನೆಲ್ಲ ಅವಳ ಮನೆಗೆ ಅಟ್ಟುತ್ತಿದ್ದರು. ಹುಳದ ಮನೆಯ ಬಾಗಿಲಲ್ಲಿ ಅವಳು ಕತ್ತು ಒಂದು ಕಡೆ ವಾಲಿಸಿ ಕಣ್ಣು ಮುಚ್ಚಿ ನಿಂತಿರುತ್ತಿದ್ದಳು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕಡೆಯ ನಿದ್ದೆ, ಮುಗಿಸಿ ಎದ್ದ ರೇಷ್ಮೆಹುಳ ಸೊಪ್ಪು ಮೇಯುವ ಸದ್ದು ನೀವು ಕೇಳಿದ್ದೀರೋ ಇಲ್ಲವೋ, ತಗಡಿನ ಮೇಲೆ ಸಣ್ಣ ಮಳೆ ಹಿಡಿದ ಹಾಗಿರುತ್ತದೆ. ನಮಗೆ ಬರೀ ಮಳೆ. ಅವಳಿಗೆ ಅದರಲ್ಲಿ ಇನ್ನೇನೋ. “ಆ ಮೂಲೆ ತಟ್ಟೇಲಿ ಸರಿಯಾಗಿ ಮೇಯ್ತಿಲ್ಲ, ನೋಡ್ರಿ” ಅನ್ನುತ್ತಿದ್ದಳು. ಹೋಗಿ ನೋಡಿದರೆ ಅಲ್ಲಿ ಸೊಪ್ಪು ಬಾಡಿರುತ್ತಿತ್ತು. ರಾಗಿಮುದ್ದೆ ಕೂಡಿಸುತ್ತಾ ಕೂಡಿಸುತ್ತಾ ತಲೆ ಎತ್ತಿ, “ಕೆಳಗಿನ ತೋಟದ ಮೋಟರು ಗಾಳಿ ಎಳೀತೈತೆ, ಯಾರಾದ್ರೂ ಓಡ್ರೋ” ಎಂದು ಕೂಗುತ್ತಿದ್ದಳು. ಗಾಳಿ ಎಳೆಯುತ್ತಲೇ ಇರುತ್ತಿತ್ತು. ನನ್ನ ಕಿವಿಯೂ ಅದೇ ವಂಶದ್ದು, ಆದರೆ ಕುಕ್ಕರು ಎಷ್ಟು ಸಲ ಕೂಗಿತೆಂಬ ಲೆಕ್ಕವನ್ನೂ ಅದು ಈವರೆಗೆ ಸರಿಯಾಗಿ ಇಟ್ಟಿಲ್ಲ. ನಮ್ಮ ಮನೆಯ ಅನ್ನವೇ ಇದಕ್ಕೆ ಸಾಕ್ಷಿ.

ಇಂಥ ಅತ್ತೆಯ ಜೀಪು ಹೋದ ವರ್ಷ ಆಯುಧಪೂಜೆ ಮುಗಿದ ಮೇಲೆ ಕೆಮ್ಮಲು ಹಿಡಿಯಿತು.

ಆಯುಧಪೂಜೆ ಅತ್ತೆಗೆ ವರ್ಷದ ದೊಡ್ಡ ಹಬ್ಬ. ಜೀಪನ್ನು ಕೆರೆಯಲ್ಲಿ ಎಮ್ಮೆ ತೊಳೆದ ಹಾಗೆ ತಿಕ್ಕಿ ತೊಳೆಯುತ್ತಾಳೆ. ಆಮೇಲೆ ಗಂಧ ತೇಯ್ದು ಬಾನೆಟ್ಟಿಗೆ, ಗಾಲಿಗೆ, ಸ್ಟೇರಿಂಗಿಗೆ, ಸ್ಪ್ಯಾನರುಗಳಿಗೆ, ಕಡೆಗೆ ಮಾವನ ಡೀಸೆಲ್ ಕಡ್ಡಿಗೂ ಬಿಡದೆ ಗಟ್ಟಿಯಾಗಿ ಇಟ್ಟು, ಅದರ ಮೇಲೆ ಕುಂಕುಮ ಮೆತ್ತುತ್ತಾಳೆ. ಆ ಸಲ ಇನ್ನೊಂದು ವಿಶೇಷವಿತ್ತು. ಅವಳ ಮಗ ಮಂಜು ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ಟ್ಯಾಂಕಿನ ಹಳೆಯ ಮುಚ್ಚಳ ಲೊಡಲೊಡ ಅನ್ನುತ್ತದೆ, ಯಾರಾದರೂ ಡೀಸೆಲ್ ಕದ್ದಾರು ಎಂದು ಬೀಗವಿರುವ ಹೊಸ ಮುಚ್ಚಳ ತಂದು ಹಾಕಿದ್ದ. ಮಗ ತಂದದ್ದು ಎಂದು ಅತ್ತೆ ಅದಕ್ಕೂ ದೊಡ್ಡದಾಗಿ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ, ಊರು ಒಂದು ಸುತ್ತು ಹಾಕಿಸಿ ಬಂದಳು.

ಆಮೇಲೆ ಶುರುವಾಯಿತು. ಹೊರಡುವಾಗ ಜೀಪು ಚೆನ್ನಾಗಿಯೇ ಇರುತ್ತಿತ್ತು. ಒಂದಷ್ಟು ದೂರ ಹೋದ ಮೇಲೆ ಗಂಟಲು ಕೆರೆದಂತೆ ಗರಗರ ಅನ್ನುವುದು, ಆಮೇಲೆ ಮೈಯೆಲ್ಲ ಅಲುಗಿಸಿಕೊಂಡು ತಟ್ ತಟ್ ಎಂದು ತಪ್ಪಿ ತಪ್ಪಿ ಹೊಡೆದುಕೊಳ್ಳುವುದು, ಏರು ಬಂದರೆ ಉಸಿರು ಕಟ್ಟಿ ನಿಂತೇಬಿಡುವುದು. ಮಾವ ಇಳಿದು ಕಲ್ಲು ಕೊಟ್ಟು, ಅತ್ತೆಯಿಂದ ಮುಚ್ಚಳದ ಕೀ ಇಸಿದುಕೊಂಡು ಹೋಗಿ ಕಡ್ಡಿ ಅದ್ದಿ, “ಐತೆ, ಬೇಕಾದಷ್ಟೈತೆ” ಅನ್ನುವರು. ಅತ್ತೆ ಸೆಲ್ಫು ಹೊಡೆಯುತ್ತಾ ಕೂರುವಳು. ಸ್ವಲ್ಪ ಹೊತ್ತಿಗೆ ಏನೂ ಆಗದವರ ಹಾಗೆ ಜೀಪು ಹೊರಡುವುದು.

ಒಂದು ವಾಹನ ಕೆಮ್ಮಿದರೆ ಊರಿಗೆ ಊರೇ ಡಾಕ್ಟರಾಗುತ್ತದೆ ನೋಡಿ! ಮಾವನ ತಮ್ಮಂದಿರು ಪಿಸ್ಟನ್ ರಿಂಗ್ ಹೋಗಿದೆ ಅಂದರು. ಡೈರಿಗೆ ಹಾಲು ಹಾಕಲು ಬಂದವರು ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆ ಅಂದರು. ಪಕ್ಕದ ಮನೆಯ ಅಜ್ಜಿ ದೃಷ್ಟಿ ಅಂದು ಮೆಣಸಿನಕಾಯಿ ಇಳಿ ತೆಗೆದರು. ಮಂಜು ದಿನಕ್ಕೊಂದು ವಿಡಿಯೋ ಕಳಿಸಿದ. ಫೋನಿನಲ್ಲಿ ಸುದ್ದಿ ಕೇಳಿದ ನಾನೂ ಸುಮ್ಮನಿರಲಾರದೆ “ಬ್ಯಾಟರಿ ಇರಬೇಕು ಅತ್ತೆ” ಅಂದೆ. “ನಿನ್ ತಲೇದು ಮೊದಲು ಚಾರ್ಜ್ ಮಾಡ್ಸು” ಅಂದಳು ಅತ್ತೆ.

ಶಿಡ್ಲಘಟ್ಟದಲ್ಲಿ ಬಾಷಾ ಎಂಬ ಮೆಕ್ಯಾನಿಕ್ಕಿದ್ದಾನೆ. ಅತ್ತೆಯ ಜೀಪಿನ ಖಾಯಂ ವೈದ್ಯ, ಭಾರಿ ಮಾತಿನ ಮಲ್ಲ. ಅವನ ಷೆಡ್ಡಿನ ಒಂದು ಪಕ್ಕ ನೂಲು ಬಿಚ್ಚಾಣಿಕೆಯ ಯಂತ್ರಗಳು, ಇನ್ನೊಂದು ಪಕ್ಕ ಪಂಕ್ಚರ್ ಅಂಗಡಿಯ ಗಾಳಿ ತುಂಬುವ ಮೆಷೀನು. ಅಲ್ಲಿ ಮಾತಾಡುವುದೆಂದರೆ ಕಿರುಚುವುದು. ಒಂದು ಶನಿವಾರ ಅತ್ತೆಯನ್ನು ನೋಡಲು ಹೋದವಳು ನಾನೂ ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕೂತೆ.

ಬಾಷಾ ಮೊದಲು ಡೀಸೆಲ್ ನೋಡಿದ. ಮುಚ್ಚಳ ತೆಗೆದು ಬೆರಳಿಗೆ ಹಚ್ಚಿ ಮೂಸಿ “ಮಾಲು ಸರಿಯಾಗೈತೆ” ಅಂದ. ಆಮೇಲೆ ಇಂಜಿನ್ ಚಾಲೂ ಮಾಡಿ, ನಾಲ್ಕು ಪೈಪುಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿಸುತ್ತಾ ಹೋದ. ಒಂದನ್ನು ಸಡಿಲಿಸಿದರೆ ಇಂಜಿನ್ ಕುಂಟುತ್ತಿತ್ತು, ಬಿಗಿಸಿದರೆ ಸರಿಯಾಗುತ್ತಿತ್ತು. ನನಗೆ ತಕ್ಷಣ ಅರ್ಥವಾಯಿತು. ಇದು ನಾನು ದಿನಾ ಮಾಡುವ ಕೆಲಸವೇ! ಮಕ್ಕಳು ಒಟ್ಟಿಗೆ ಮಗ್ಗಿ ಹೇಳುವಾಗ ಒಬ್ಬ ಸುಮ್ಮನೆ ತುಟಿ ಆಡಿಸುತ್ತಿರುತ್ತಾನೆ. ಒಬ್ಬೊಬ್ಬನನ್ನೇ ಬಾಯಿ ಮುಚ್ಚಿಸುತ್ತಾ ಬಂದರೆ, ಯಾರು ಬಾಯಿ ಮುಚ್ಚಿದಾಗ ಸದ್ದು ಕಡಿಮೆಯಾಗುವುದಿಲ್ಲವೋ ಅವನೇ ಕಳ್ಳ. ಈ ಮಾತನ್ನು ಹೇಳಿದಾಗ ಬಾಷಾ ಸ್ಪ್ಯಾನರ್ ಎತ್ತಿ ನನಗೊಂದು ಸಲಾಮು ಹೊಡೆದ. ಆದರೆ ಕಳ್ಳ ಸಿಗಲಿಲ್ಲ, ನಾಲ್ಕೂ ಮಕ್ಕಳು ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದರು.

“ಅಮ್ಮಾ, ನಿಮ್ ಗಾಡಿ ನನ್ ಮುಂದೆ ಬಂದ್ರೆ ಹೆಣ್ಣು ನೋಡಕ್ ಬಂದೋರ ಮುಂದೆ ಕೂತ ಹುಡ್ಗಿ ಥರ ಆಡ್ತದೆ! ಎಲ್ಲಾ ಚೆನ್ನಾಗೈತೆ!” ಎಂದು ಬಾಷಾ ಕಿರುಚಿದ.

“ಹಂಗಾರೆ ಆ ಪಂಪೋ ನಾಝಲ್ಲೋ ಹೊಸದು ಹಾಕ್ಬಿಡಪ್ಪ!” ಅತ್ತೆಯೂ ಕಿರುಚಿದಳು.

“ಕಾಯಿಲೆ ಏನಂತ ಗೊತ್ತಾಗ್ದೆ ನಾನು ಔಷಧಿ ಕೊಡಲ್ಲ! ಇನ್ನೊಂದ್ ಸಲ ಕೆಮ್ಮಲಿ, ಕರೀರಿ!”

ಮಾಡಿದ ಕೆಲಸಕ್ಕೆ ಚಹಾ ಮಾತ್ರ ಕುಡಿದು ಕಳಿಸಿದ. ಇಂಥವರೂ ಇದ್ದಾರಲ್ಲ ಎಂದು ನನಗೆ ಅವತ್ತು ಬಹಳ ಸಂತೋಷವಾಯಿತು. ಅತ್ತೆಗೆ ಆಗಲಿಲ್ಲ. ಮನೆ ತಲುಪುವ ಮೊದಲೇ ಜೀಪು ಮತ್ತೆ ಕೆಮ್ಮಿತ್ತು.

ಇದೆಲ್ಲ ನಗೆಯ ಮಾತಾಗಿಯೇ ಮುಗಿಯುತ್ತಿತ್ತೇನೋ. ಒಂದು ದಿನ ಚಿಂತಾಮಣಿಯ ದಾರಿಯ ಏರಿನಲ್ಲಿ ಜೀಪು ಇದ್ದಕ್ಕಿದ್ದಂತೆ ನಿಂತು, ಹಿಂದಿನಿಂದ ಬರುತ್ತಿದ್ದ ಲಾರಿ ಕೀಚೆಂದು ಬ್ರೇಕ್ ಹಾಕಿ ಗೇಣು ದೂರದಲ್ಲಿ ನಿಂತಿತು. ಟೊಮೇಟೊ ಕ್ರೇಟುಗಳು ಉರುಳಿದವು, ಯಾರಿಗೂ ಏನೂ ಆಗಲಿಲ್ಲ. ಸುದ್ದಿ ಮಂಜುವಿಗೆ ಮುಟ್ಟಿತು. ಅವನು ಕೆಲಸ ಬಿಟ್ಟು ಓಡಿಬಂದ. ಮಂಜು ಮೆತ್ತನೆಯ ಸ್ವಭಾವದವನು, ಅಮ್ಮನ ಮುಂದೆ ದನಿ ಎತ್ತಿದವನಲ್ಲ. ಅವತ್ತು ಎತ್ತಿದ.

“ಸಾಕಮ್ಮ. ಜೀಪು ಗುಜರಿಗೆ ಹಾಕಣ. ಇನ್ನು ನೀನು ಗಾಡಿ ಮುಟ್ಬೇಡ. ಬೇಕಾದ್ರೆ ಬಾಡಿಗೆ ಆಟೋ ಹೇಳ್ತೀನಿ.”

“ಜೀಪಿಗೆ ಕೆಮ್ಮು ಬಂದ್ರೆ ನಂಗೆ ಯಾಕಪ್ಪ ಪಥ್ಯ?”

“ನಿಂಗೂ ವಯಸ್ಸಾಯ್ತು, ಅದಕ್ಕೂ ವಯಸ್ಸಾಯ್ತು. ಆ ಲಾರಿಯವ್ನು ನಿದ್ದೇಲಿ ಇದ್ದಿದ್ರೆ ಏನಮ್ಮಾ ಗತಿ?” ಅನ್ನುವಾಗ ಅವನ ಕಣ್ಣು ತುಂಬಿತ್ತಂತೆ.

ಮಗನ ಕಣ್ಣೀರಿಗೆ ಅತ್ತೆ ಕರಗಿದಳು, ಆದರೆ ಪೂರ್ತಿ ಕರಗಲಿಲ್ಲ. ಮುಂದಿನ ತಿಂಗಳು ತೊಂಡೇಬಾವಿಯಲ್ಲಿ ಮಂಜುವಿನ ಹೊಸ ಮನೆಯ ಗೃಹಪ್ರವೇಶವಿತ್ತು. “ನಿನ್ ಮನೆ ಗೃಹಪ್ರವೇಶಕ್ಕೆ ನಾನೇ ಓಡಿಸ್ಕೊಂಡು ಬರ್ತೀನಿ. ದಾರೀಲಿ ಒಂದ್ ಸಲ ನಿಂತ್ರೂ ಸರಿ, ಕೀ ನಿನ್ ಕೈಗೆ ಕೊಡ್ತೀನಿ. ಆಮೇಲೆ ಗುಜರಿಗಾದ್ರೂ ಹಾಕು, ಗುಡ್ಡೆಗಾದ್ರೂ ಹಾಕು. ನಿಲ್ಲದೆ ಬಂದ್ರೆ ನೀನು ಈ ಮಾತು ಮತ್ತೆ ಎತ್ತಬಾರ್ದು” ಅಂದಳು. ಹಾಗೆಂದು ತಾಯಿ ಮಗನಿಗೆ ಒಪ್ಪಂದವಾಯಿತು.

ಗೃಹಪ್ರವೇಶದ ದಿನ ಬೆಳಿಗ್ಗೆ ಜೀಪು ಚಿಕ್ಕಬಳ್ಳಾಪುರದ ನಮ್ಮ ಮನೆಯ ಮುಂದೆ ನಿಂತಿತು. ಮಾವ ಇಳಿದು ಕಡ್ಡಿ ಅದ್ದಿ, ಮುಚ್ಚಳ ತಿರುಗಿಸಿ, ನನಗೆ ಜಾಗ ಬಿಟ್ಟು ಹಿಂದೆ ಕೂತರು. ಅತ್ತೆ ರೇಷ್ಮೆ ಸೀರೆಯುಟ್ಟು, ಕಾಸಗಲ ಕುಂಕುಮವಿಟ್ಟು, ಬರಿಗಾಲನ್ನು ಕ್ಲಚ್ಚಿನ ಮೇಲಿಟ್ಟು ಕೂತಿದ್ದಳು. ಮಂಚೇನಹಳ್ಳಿಯ ಕಡೆಗೆ ಹೊರಟೆವು. ನಾನು ಏನೋ ಮಾತು ತೆಗೆದೆ. “ಶ್ ಸುಮ್ನಿರೇ” ಅಂದಳು. ಕತ್ತು ವಾಲಿತ್ತು. ಹುಳದ ಮನೆಯ ಬಾಗಿಲಲ್ಲಿ ನಿಂತ ಅದೇ ಅತ್ತೆ. ನಾನೂ ಬಾಯಿ ಮುಚ್ಚಿಕೊಂಡು ಕೇಳತೊಡಗಿದೆ. ನನಗೆ ಜೀಪಿನ ಸದ್ದಿನಲ್ಲಿ ಜೀಪು ಮಾತ್ರ ಕೇಳಿಸುತ್ತಿತ್ತು.

ಮಂಚೇನಹಳ್ಳಿ ಹತ್ತಿರ ಬರುವಾಗ ಗರಗರ ಶುರುವಾಯಿತು. ಅತ್ತೆ ಗೇರು ಇಳಿಸಿದಳು, ಕಾಲು ಸಡಿಲ ಬಿಟ್ಟಳು, ಬಿಗಿ ಮಾಡಿದಳು. ಮಗುವನ್ನು ತಟ್ಟಿ ಸಮಾಧಾನ ಮಾಡುವ ಹಾಗೆ ಅದರ ಜೊತೆ ಪಿಸುಗುಟ್ಟಿದಳು ಕೂಡ. ಮುಂದೊಂದು ಸಣ್ಣ ಏರು, ಏರೆಂದು ಕರೆಯಲೂ ನಾಚಿಕೆಯಾಗುವಂಥದ್ದು. ಅದರ ಮೇಲೆ ಜೀಪು ಒಂದು ಸಲ ಮೈ ಒದರಿ ನಿಂತುಬಿಟ್ಟಿತು.

ಮಾವ ಇಳಿದು ಕಲ್ಲು ಕೊಟ್ಟರು. ಕಡ್ಡಿ ಹಿಡಿದು ಹಿಂದೆ ಹೋದರು. ಅತ್ತೆ ಸೆಲ್ಫು ಹೊಡೆಯುವುದನ್ನೂ ಮರೆತು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತಳು.

“ಮಂಜು ಹೇಳಿದ್ದೇ ಸರಿಯೇನೋ ಕಣೇ” ಅಂದಳು. “ಅದು ಏನೋ ಹೇಳ್ತೈತೆ. ನಂಗೆ ಕೇಳಿಸ್ತಿಲ್ಲ. ವಯಸ್ಸಾಗಿರೋದು ಅದಕ್ಕಲ್ಲ, ನಂಗೆ.”

ಅತ್ತೆ ಸೋತ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೆ ಅಳು ಬಂತು. ಅವಳ ತೊಡೆಯ ಮೇಲೆ ಕೈಯಿಟ್ಟೆ. ಮಾವ ಬಂದು “ಐತೆ, ಬೇಕಾದಷ್ಟೈತೆ” ಅಂದರು. ಅತ್ತೆ ಸೆಲ್ಫು ಹೊಡೆದಳು. ಕೊಂಚ ಸತಾಯಿಸಿ ಜೀಪು ಎದ್ದಿತು, ಹೊರಟಿತು, ಮತ್ತೆ ಕೆಮ್ಮುತ್ತಾ ಕುಂಟುತ್ತಾ ತೊಂಡೇಬಾವಿಯ ಹೊಸ ಮನೆಯ ಚಪ್ಪರದ ಮುಂದೆ ಹೋಗಿ ನಿಂತಿತು. ಒಳಗೆ ಹಾಲು ಉಕ್ಕಿಸುವ ಹೊತ್ತಿಗೆ ಸರಿಯಾಗಿ ತಲುಪಿದ್ದೆವು.

ಹಾಲುಕ್ಕಿತು, ಎಲ್ಲರೂ ಕೈ ಮುಗಿದೆವು. ಮಂಜುವಿನ ಮುಖದಲ್ಲಿ ಅಮ್ಮ ಬಂದಳಲ್ಲ ಎಂಬ ಖುಷಿ. ಏನನ್ನೂ ಕೇಳಲಿಲ್ಲ. ಅತ್ತೆ ಹೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನಂತೂ ಬಾಯಿ ಬಿಡುತ್ತಿರಲಿಲ್ಲ, ಮಾವ ಕೇಳಿದ ಪ್ರಶ್ನೆಗೇ ಉತ್ತರ ಕೊಡುವವರಲ್ಲ. ಅತ್ತೆ ಮಗನ ಭುಜ ಹಿಡಿದು ನಿಲ್ಲಿಸಿ, “ನಿಂತೋಯ್ತು ಕಣಪ್ಪ, ಮಂಚೇನಹಳ್ಳಿ ಹತ್ರ. ಊಟ ಆಗ್ಲಿ, ಕೀ ಕೊಡ್ತೀನಿ” ಅಂದಳು. ಗೆದ್ದ ಮಂಜುವಿನ ಮುಖ ಸೋತವರ ಮುಖಕ್ಕಿಂತ ಸಣ್ಣಗಾಯಿತು. “ಆಮೇಲೆ ನೋಡಣ ಬಾಮ್ಮ” ಎಂದು ಒಳಗೆ ಹೋದ.

ಊಟದ ಪಂಕ್ತಿ ಚಪ್ಪರದ ಕೆಳಗೆ. ಅಡುಗೆಯ ಒಲೆಗಳು ಪಕ್ಕದಲ್ಲೇ, ನಾವು ಕೂತಲ್ಲಿಗೆ ಎಲ್ಲ ಕಾಣುತ್ತಿತ್ತು. ಅತ್ತೆ ಎಲೆಯ ಮುಂದೆ ಕೂತು ಒಬ್ಬಟ್ಟನ್ನು ಮುರಿದು ಮುರಿದು ಬದಿಗಿಡುತ್ತಿದ್ದಳು. ಅಲ್ಲಿ ಹಪ್ಪಳ ಕರಿಯಲು ಅಡುಗೆಯವರು ಎಣ್ಣೆಯ ಹೊಸ ಡಬ್ಬಕ್ಕೆ ಮೊಳೆ ಹೊಡೆದು ತೂತು ಮಾಡಿ, ಬಾಣಲೆಗೆ ಬಗ್ಗಿಸಿದರು. ಗುಳುಕ್ ಎಂದಿತು, ಒಂದಿಷ್ಟು ಎಣ್ಣೆ ಬಿತ್ತು, ನಿಂತಿತು. ಮತ್ತೆ ಗುಳುಕ್, ಮತ್ತೆ ನಿಂತಿತು. ದೊಡ್ಡ ಅಡುಗೆಯವರು ಸೌಟು ಬೀಸಿ, “ಇಂಕೊಕ ಬೊಕ್ಕ ಕೊಟ್ಟಂಡ್ರಾ! ಇನ್ನೊಂದು ತೂತು ಬೇಡ್ವಾ? ಗಾಳಿ ಹೋಗ್ದೆ ಎಣ್ಣೆ ಹೆಂಗ್ರೋ ಬರ್ತದೆ?” ಎಂದು ತೆಲುಗು, ಕನ್ನಡ, ನಮ್ಮ ಕಡೆಯ ಎರಡೂ ಭಾಷೆಯಲ್ಲಿ ಗದರಿದರು. ಆ ಮೂಲೆಗೊಂದು ಮೊಳೆ ಬಿತ್ತು. ಎಣ್ಣೆ ಸಲೀಸಾಗಿ ಧಾರೆ ಹಿಡಿಯಿತು.

ಅತ್ತೆಯ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ಕತ್ತು ವಾಲಿತು.

ಆಮೇಲೆ ಅವಳು ಎದ್ದುಬಿಟ್ಟಳು. ಪಂಕ್ತಿಯ ಮಧ್ಯೆ! ಬೀಗರು, ನೆಂಟರು ಎಲ್ಲ ಕೂತು ಉಣ್ಣುವಾಗ ಹೀಗೆ ಏಳುವುದುಂಟೇ? ಬಡಿಸುವವರು ಸಾರಿನ ಬಕೆಟ್ಟು ಹಿಡಿದು ಅಲ್ಲೇ ನಿಂತರು. ಯಾರೋ “ಏನಾಯ್ತಮ್ಮಾ, ಅಡುಗೇಲಿ ಏನಾದ್ರೂ ಲೋಪ ಆಯ್ತಾ?” ಅಂದರು. ಎಂಜಲ ಬಲಗೈಯನ್ನು ದೂರ ಹಿಡಿದುಕೊಂಡು, ಎಡಗೈಯಲ್ಲಿ ಸೊಂಟದ ಕೀ ಗೊಂಚಲು ಕಿತ್ತುಕೊಂಡು ಅವಳು ಜೀಪಿನ ಕಡೆಗೆ ನಡೆದಳು. ನಾನೂ ಎದ್ದೆ. ಮಂಜು ಓಡಿಬಂದ. ಮಾವ ಮಾತ್ರ ಪಂಕ್ತಿಯ ಮರ್ಯಾದೆ ಉಳಿಸುತ್ತಾ ಅನ್ನಕ್ಕೆ ಸಾರು ಕಲಸಿದರು.

“ಎಲ್ಲಾ ಸುಮ್ನಿರಿ” ಅಂದು ಅತ್ತೆ ಎಡಗೈಯಲ್ಲೇ ಟ್ಯಾಂಕಿನ ಬೀಗ ತೆಗೆದು ಮುಚ್ಚಳವನ್ನು ತಿರುವಿದಳು.

ಸುಯ್ ಎಂದು ಜೀಪು ಉದ್ದಕ್ಕೆ ಉಸಿರೆಳೆದುಕೊಂಡಿತು. ಕುಕ್ಕರಿನ ಕೂಗು ಎಣಿಸಲಾರದ ನನಗೂ ಕೇಳಿಸಿತು.

ಅತ್ತೆ ಮುಚ್ಚಳವನ್ನು ಬಿಸಿಲಿಗೆ ಹಿಡಿದಳು. ಅದರ ನಡುಮಧ್ಯದಲ್ಲಿ ಆಯುಧಪೂಜೆಯ ಗಂಧ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು, ಅದರ ಮೇಲೆ ಕುಂಕುಮ. ಹಳೆಯ ಮುಚ್ಚಳ ಲೊಡಲೊಡ ಅನ್ನುತ್ತಿದ್ದದ್ದರಿಂದ ಸುತ್ತಲೂ ಗಾಳಿಯಾಡುತ್ತಿತ್ತು. ಮಂಜು ತಂದ ಹೊಸದಕ್ಕೆ ಬಿಗಿಯಾದ ರಬ್ಬರು, ಗಾಳಿ ಹೋಗಲು ನೆತ್ತಿಯ ಮೇಲೆ ಸೂಜಿ ಮೊನೆಯಷ್ಟು ತೂತು. ಅತ್ತೆ ಭಕ್ತಿಯಿಂದ ಕುಂಕುಮವಿಟ್ಟದ್ದು ಸರಿಯಾಗಿ ಅದರ ಮೇಲೆಯೇ. ಡೀಸೆಲ್ ಖಾಲಿಯಾದಷ್ಟೂ ಒಳಗೆ ಗಾಳಿ ಬಾರದೆ ಟ್ಯಾಂಕು ಬಿಗಿದುಕೊಳ್ಳುತ್ತಿತ್ತು, ಇಂಜಿನ್ನಿಗೆ ಡೀಸೆಲ್ ಸಿಗದೆ ಕೆಮ್ಮುತ್ತಿತ್ತು. ಮಾವ ಕಡ್ಡಿ ಅದ್ದಲು ಮುಚ್ಚಳ ತೆಗೆದ ಕೂಡಲೇ ಎಲ್ಲ ಸರಿ. ಆ ಸುಯ್ಯೆಂಬ ಸದ್ದು ಪ್ರತಿ ಸಲವೂ ಬಂದಿರಬೇಕು. ಆದರೆ ಕಿವಿಯಿದ್ದವಳು ಮುಂದೆ ಸ್ಟೇರಿಂಗ್ ಹಿಡಿದು ಕೂತಿರುತ್ತಿದ್ದಳು, ಹಿಂದೆ ಮುಚ್ಚಳ ತೆಗೆಯುತ್ತಿದ್ದವರು ನಮ್ಮ ಮಾವ.

“ಅಯ್ಯೋ ನಮ್ಮಪ್ಪನೇ! ಪೂಜೆ ಮಾಡಿ ನಾನೇ ಮೂಗು ಮುಚ್ಚಿದ್ದೀನಲ್ಲೋ!” ಎಂದು ಅತ್ತೆ ಹಣೆ ಚಚ್ಚಿಕೊಳ್ಳಲು ಹೋಗಿ, ಎಂಜಲ ಕೈಯೆಂದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದಳು. “ಏ ಸುಧಾ, ಪಿನ್ನು ತೆಗಿಯೇ. ಎಂಜಲ ಕೈಲಿ ಕುಂಕುಮ ಮುಟ್ಟಬಾರ್ದು, ನೀನೇ ಚುಚ್ಚು.”

ಎಡಗೈಯಲ್ಲೇ ಉಂಡವಳಲ್ಲ ನಾನು, ನನ್ನ ಬಲಗೈಯೂ ಎಂಜಲೇ. ಎಡಗೈ ಬಳೆಯ ಪಿನ್ನನ್ನು ಎಡಗೈಯೇ ತೆಗೆಯುವುದು ಹೇಗೆ? ಮಂಜು ತೆಗೆದುಕೊಟ್ಟ, ಮುಚ್ಚಳವನ್ನೂ ಹಿಡಿದುಕೊಂಡ. ನಾನು ಎಡಗೈಯಲ್ಲಿ ಕೆರೆದೆ, ಚುಚ್ಚಿದೆ, ಒತ್ತಿದೆ. ಪಿನ್ನು ಸೊಟ್ಟಗಾಯಿತು. ಗಂಧ ಚೂರಾಗಿ ಉದುರಿ ಆ ಕಡೆಯ ಬೆಳಕು ಒಂದು ಚುಕ್ಕೆಯಷ್ಟು ಕಂಡಿತು. ನನ್ನ ಜೀವಮಾನದ ಏಕೈಕ ಮೆಕ್ಯಾನಿಕ್ ಕೆಲಸ ಇದು, ಇದನ್ನು ಎಲ್ಲಿ ಬೇಕಾದರೂ ಹೇಳಿಕೊಳ್ಳುತ್ತೇನೆ.

“ಹತ್ತೋ” ಅಂದಳು ಅತ್ತೆ, ಕೈ ತೊಳೆದುಕೊಂಡು ಬಂದು. ಮಂಜು ಪಂಚೆ ಶಲ್ಯದಲ್ಲೇ ಹತ್ತಿ ಕೂತ. ತನ್ನ ಗೃಹಪ್ರವೇಶದ ದಿನವೇ ಮನೆಯ ಯಜಮಾನ ಮನೆ ಬಿಟ್ಟು ಹೊರಟ! ಗೌರಿಬಿದನೂರಿನ ದಾರಿ ಹಿಡಿದು ಹೋದ ತಾಯಿ ಮಗ ಬಹಳ ಹೊತ್ತು ಬರಲಿಲ್ಲ. ಎರಡನೇ ಪಂಕ್ತಿ ಮುಗಿಯಿತು. ನಾನು ಚಪ್ಪರದ ಕಂಬ ಹಿಡಿದು ನಿಂತಿದ್ದೆ. ಕಡೆಗೆ ದೂರದಲ್ಲಿ ಸದ್ದು ಕೇಳಿಸಿತು. ಕೆಮ್ಮಿಲ್ಲ, ಗರಗರವಿಲ್ಲ. ಒಂದೇ ಸಮನೆ, ಹೊಟ್ಟೆ ತುಂಬಿದ ಎತ್ತು ಮೆಲುಕು ಹಾಕಿದ ಹಾಗೆ.

ಅತ್ತೆ ಇಳಿದವಳೇ ಬಾಷಾನಿಗೆ ಫೋನು ಹಚ್ಚಿದಳು. ಅವನು ಎಲ್ಲ ಕೇಳಿ ಅಲ್ಲಿಂದಲೇ ಹೋ ಎಂದು ನಕ್ಕ. “ಅಮ್ಮಾ, ನಾನು ಅವತ್ತು ಮೊದಲು ಮುಚ್ಚಳ ತೆಗೆದೇ ನೋಡ್ದೆ! ನಾನೇ ವಾಸಿ ಮಾಡ್ಬಿಟ್ಟು, ಆಮೇಲೆ ನಾನೇ ಕಾಯಿಲೆ ಹುಡುಕ್ತಾ ಇದ್ದೆ!”

ಮಂಜು ಮಾತ್ರ ನಗಲಿಲ್ಲ. ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. “ಮುಚ್ಚಳ ನಂದು, ಕುಂಕುಮ ನಿಂದು. ಜೀಪಿಗೆ ಪಾಪ ಬೈಗುಳ” ಅಂದ. “ಇದನ್ನ ಬಿಸಾಕಿ ಹಳೇದೇ ಹಾಕ್ತೀನಮ್ಮ.”

“ಬೇಡ ಕಣೋ. ನಾನು ಚೆನ್ನಾಗಿರ್ಲಿ ಅಂತ ನೀನು ತಂದಿದ್ದು ಅದು. ಇರ್ಲಿ” ಅಂದಳು ಅತ್ತೆ. “ಉಸಿರಾಡಕ್ಕೆ ಒಂದು ಸೂಜಿ ಮೊನೆಯಷ್ಟು ಜಾಗ ಬಿಡು, ಸಾಕು.”

ಅವಳು ಮುಚ್ಚಳದ ಬಗ್ಗೆ ಹೇಳಿದಳೋ ಬೇರೆ ಯಾವುದರ ಬಗ್ಗೆ ಹೇಳಿದಳೋ, ಮಂಜು ತಲೆ ತಗ್ಗಿಸಿದ. ಆಮೇಲೆ ಅತ್ತೆ ಸೊಂಟದ ಕೀ ತೆಗೆದು ಅವನ ಮುಂದೆ ಹಿಡಿದಳು. ಆಡಿದ ಮಾತು ಆಡಿದ್ದೇ, ದಾರಿಯಲ್ಲಿ ಒಂದು ಸಲ ನಿಂತದ್ದು ನಿಂತದ್ದೇ. ಅವನು ಆ ಕೀಯನ್ನು ತೆಗೆದುಕೊಂಡ. ಜೀಪು ಗುಜರಿಗೇ ಹೋಯಿತು ಅಂದುಕೊಂಡೆ. ಅವನು ಹೋಗಿ ಅದನ್ನು ಜೀಪಿಗೆ ಸಿಕ್ಕಿಸಿ ಬಂದು, “ಕತ್ತಲಾಗೋಕೆ ಮುಂಚೆ ಹೊರಡಮ್ಮ” ಅಂದ.

ಹೊರಟೆವು. ಸೊಟ್ಟ ಪಿನ್ನನ್ನು ಒರೆಸಲು ಹೋದರೆ ಅತ್ತೆ, “ಒರೆಸ್ಬೇಡ, ಕುಂಕುಮ ಅಲ್ವಾ” ಅಂದಳು. ಹಾಗೇ ಬಳೆಗೆ ಸಿಕ್ಕಿಸಿಕೊಂಡೆ. ಮಂಚೇನಹಳ್ಳಿಯ ಆ ನಾಚಿಕೆಗೇಡಿ ಏರು ಬಂತು. ಮಾವ ಅಭ್ಯಾಸಬಲದಿಂದ ಹಿಂದೆ ಕಲ್ಲನ್ನು ಮಡಿಲಿಗೆತ್ತಿಕೊಂಡು ಸಿದ್ಧವಾದರು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮಂಜು.

“ಅಕ್ಕ, ಎಲ್ಲಿದೀರಾ? ಏನೂ ತೊಂದ್ರೆ ಇಲ್ವಾ? ನಿಂತೋಯ್ತಾ?”

ನಾನು ಉತ್ತರ ಕೊಡುವ ಮೊದಲೇ ಅತ್ತೆ ರಸ್ತೆಯಿಂದ ಕಣ್ಣು ತೆಗೆಯದೆ, “ನೀನು ಮಾತಾಡ್ಬೇಡ. ಫೋನು ಬಾನೆಟ್ ಕಡೆ ಹಿಡಿ. ಅವನೇ ಕೇಳ್ಕೊಳ್ಲಿ” ಅಂದಳು.

ಕೈ ಹೊರಗೆ ಚಾಚಿ ಹಿಡಿದೆ. ಜೀಪು ಏರನ್ನು ಹತ್ತಿತು, ಇಳಿಯಿತು, ಒಂದು ಸಲವೂ ತಪ್ಪಲಿಲ್ಲ. ಆ ಕಡೆ ಹೊಸ ಮನೆಯ ಬಾಗಿಲಲ್ಲಿ ಮಂಜು ಕತ್ತು ವಾಲಿಸಿಕೊಂಡು ನಿಂತಿರಬೇಕು ಅನ್ನಿಸಿತು. ಬಹಳ ಹೊತ್ತಾದ ಮೇಲೆ ಫೋನನ್ನು ಕಿವಿಗೆ ತಂದೆ. ಅವನು ಇನ್ನೂ ಕೇಳುತ್ತಲೇ ಇದ್ದ.

“ಏನಂತೆ?” ಅಂದಳು ಅತ್ತೆ.

ಗಾಡಿ ಮುಟ್ಟಬೇಡ ಅನ್ನುತ್ತಿದ್ದವನು ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದೆ. “ಅಮ್ಮಂಗೆ ನಿಧಾನಕ್ಕೆ ಓಡ್ಸು ಅನ್ನಕ್ಕ, ಅಂದ.”

“ಹೂಂ” ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಗೇರು ಬದಲಾಯಿಸಿದಳು.